ತಮಿಳಿನ ವಿಧಿರೂಪಗಳು ಮತ್ತು ಕನ್ನಡದ ಕೈಪಿಡಿಗಳು

ಕನ್ನಡದ ಮೂಲಕ ತಮಿಳನ್ನು ಕಲಿಸಲು ಹೊರಟ ಕೈಪಿಡಿಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಅಕ್ಷರಮಾಲೆ ಮುಗಿದೊಡನೆ ನಿತ್ಯವ್ಯವಹಾರದ ಆಜ್ಞಾಪದಗಳ ಪಟ್ಟಿಯೊಂದು ಬರುತ್ತದೆ: ‘ವಾ’ ಎಂದರೆ ಬಾ, ‘ಪೋ’ ಎಂದರೆ ಹೋಗು, ‘ನಿಲ್’ ಎಂದರೆ ನಿಲ್ಲು, ‘ಕೇಳ್’ ಎಂದರೆ ಕೇಳು. ‘ಇರು’ ಎಂಬುದಕ್ಕಂತೂ ಅರ್ಥವನ್ನೇ ಬರೆಯಬೇಕಾಗಿಲ್ಲ. ಎರಡು ಭಾಷೆಗಳೂ ಒಂದೇ ಕುಲದವಾದ್ದರಿಂದ ಈ ಪಾಠ ಅತಿ ಸುಲಭವೆಂದು ವಿದ್ಯಾರ್ಥಿಯೂ ಭಾವಿಸುತ್ತಾನೆ, ಅಧ್ಯಾಪಕನೂ ಭಾವಿಸುತ್ತಾನೆ. ಈ ಸೌಲಭ್ಯ ಎಷ್ಟರಮಟ್ಟಿಗೆ ನಿಜ, ಈ ಕ್ರಮ ಎಷ್ಟರಮಟ್ಟಿಗೆ ಯುಕ್ತ ಎಂಬುದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಪಟ್ಟಿಗೆ ಶಾಸ್ತ್ರದ ಆಧಾರವಿಲ್ಲವೆಂದು ಹೇಳುವಂತಿಲ್ಲ. ದ್ರಾವಿಡ ಭಾಷೆಗಳಲ್ಲಿ ಮಧ್ಯಮಪುರುಷ ಏಕವಚನದ ವಿಧಿರೂಪವು ಸಾಮಾನ್ಯವಾಗಿ ಧಾತುವೇ ಆಗಿರುತ್ತದೆ. ಪವಣಂದಿಯ ‘ನನ್ನೂಲ್’ ವ್ಯಾಕರಣವು ಧಾತುಗಳನ್ನು ಅವುಗಳ ಅಂತ್ಯಾಕ್ಷರಗಳಿಗೆ ಅನುಸಾರವಾಗಿ ತೋರಿಸುವಾಗ ‘ನಡ’, ‘ವಾ’ ಮೊದಲಾದ 23 ಮಾದರಿಗಳನ್ನು ‘ಏವಲ್’, ಅಂದರೆ ಆಜ್ಞೆಯ ರೂಪದಲ್ಲಿಯೇ ಕೊಡುತ್ತದೆ. ಆದರೆ ವ್ಯಾಕರಣಕಾರನ ಪ್ರಯೋಜನ ಬೇರೆ, ಕಲಿಯುವವನ ಪ್ರಯೋಜನ ಬೇರೆ. ಮೊದಲನೆಯವನಿಗೆ ಬೇಕಾದುದು ಧಾತುವಿನ ಸ್ವರೂಪ; ಎರಡನೆಯವನಿಗೆ ಬೇಕಾದುದು ಎದುರಿಗಿರುವ ಮನುಷ್ಯನೊಡನೆ ಆಡತಕ್ಕ ಮಾತು.

ಆ ಮನುಷ್ಯ ಯಾರು? ಚಿಕಿತ್ಸೆಗೆಂದು ವೆಲ್ಲೂರಿಗೆ ಹೋದವನು, ಓದಲೆಂದು ಚೆನ್ನೈಗೆ ಹೋದವನು, ಕೆಲಸಕ್ಕೆಂದು ಹೊಸೂರಿಗೆ ಹೋಗಿಬರುವವನು, ಇವರೆಲ್ಲರೂ ಮೊದಲು ಮಾತನಾಡುವುದು ಅಪರಿಚಿತರೊಡನೆ. ವೈದ್ಯ, ಮನೆಯ ಯಜಮಾನ, ಬಸ್ಸಿನ ಕಂಡಕ್ಟರು, ಅಂಗಡಿಯವನು, ನೆರೆಮನೆಯ ಹಿರಿಯಾಕೆ, ಇವರಲ್ಲಿ ಒಬ್ಬರಿಗೂ ‘ವಾ’, ‘ಪೋ’ ಎನ್ನುವಂತಿಲ್ಲ. ‘ವಾಂಗ’, ‘ಪೋಂಗ’, ‘ಸೊಲ್ಲುಂಗ’ ಎಂದೇ ಹೇಳಬೇಕು. ನಮ್ಮಲ್ಲಿ ‘ಬನ್ನಿ’, ‘ಹೋಗಿ’, ‘ಹೇಳಿ’ ಎಂಬಂತೆಯೇ ಅಲ್ಲಿಯೂ ಬಹುವಚನವೇ ಗೌರವದ ರೂಪ. ಏಕವಚನ ಸಲ್ಲುವುದು ಮಕ್ಕಳಿಗೆ, ಸಲಿಗೆಯ ಗೆಳೆಯರಿಗೆ, ಮನೆಯ ಒಳಬಳಕೆಗೆ. ಹೀಗಿರುವಾಗ, ಹೊಸಬನಿಗೆ ಬಹುಕಾಲ ಉಪಯೋಗಕ್ಕೆ ಬಾರದ, ಬಳಸಿದರೆ ಅವಮರ್ಯಾದೆಯಾಗುವ ರೂಪಗಳನ್ನೇ ಮೊದಲು ಕಂಠಪಾಠ ಮಾಡಿಸುವುದು ವಿಚಿತ್ರವಾಗಿದೆ.

ಗೌರವದ ರೂಪವನ್ನು ಕೊಡುವ ಕೈಪಿಡಿಗಳು ಇಲ್ಲವೆಂದಲ್ಲ. ಆದರೆ ಅವು ಅದನ್ನು ಮುಂದಿನ ಪಾಠಕ್ಕೆ ತಳ್ಳುತ್ತವೆ. ಕೊಟ್ಟಾಗಲೂ ‘ವಾರುಂಗಳ್’, ‘ಸೊಲ್ಲುಂಗಳ್’ ಎಂಬ ಗ್ರಾಂಥಿಕ ರೂಪವನ್ನು ಕೊಡುತ್ತವೆ. ತಮಿಳಿನಲ್ಲಿ ಬರಹಕ್ಕೂ ಆಡುನುಡಿಗೂ ಇರುವ ಅಂತರ ಕನ್ನಡದಲ್ಲಿರುವುದಕ್ಕಿಂತ ಹೆಚ್ಚಿನದು. ಸಂತೆಯಲ್ಲಿ ‘ವಾರುಂಗಳ್’ ಎಂದವನ ಮಾತು ವೇದಿಕೆಯ ಭಾಷಣದಂತೆ ಕೇಳಿಸುತ್ತದೆ.

ಇನ್ನು ಶಬ್ದಸಾಮ್ಯದ ವಿಚಾರ. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ, ಪಕಾರಕ್ಕೆ ಹೊಸಗನ್ನಡದಲ್ಲಿ ಹಕಾರ ಎಂಬ ಸೂತ್ರ ವಿದ್ಯಾರ್ಥಿಗೆ ಉಪಕಾರಕವೇ ಸರಿ. ‘ನೋಡು’ ಎಂಬರ್ಥದ ‘ಪಾರ್’ ಅವನಿಗೆ ಹಳಗನ್ನಡದ ‘ಪಾರ್’ ಧಾತುವನ್ನೂ ಇಂದಿನ ‘ಹಾರೈಸು’ ಎಂಬುದನ್ನೂ ನೆನಪಿಗೆ ತಂದೀತು. ಆದರೆ ಇದೇ ಸೂತ್ರವನ್ನು ನಂಬಿ ‘ವೈ’ ಎಂಬುದನ್ನು ‘ಬೈ’ ಎಂದುಕೊಂಡರೆ ಕೆಲಸ ಕೆಡುತ್ತದೆ. ಬೈಯುವ ಅರ್ಥದ ‘ವೈ’ ತಮಿಳಿನಲ್ಲಿ ಇದೆಯಾದರೂ ನಿತ್ಯದ ಆಜ್ಞೆಯಲ್ಲಿ ‘ವೈ’ ಎಂದರೆ ‘ಇಡು’. ‘ಕದವನ್ನು ಮೂಡು’ ಎಂಬುದಕ್ಕೆ ಸಮನಾದ ತಮಿಳು ಮಾತಿನ ಅರ್ಥ ಕದ ಮುಚ್ಚು ಎಂದು. ನಮ್ಮಲ್ಲಿ ಮೂಡುವುದು ಸೂರ್ಯ.

ಎಲ್ಲಕ್ಕಿಂತ ಸೂಕ್ಷ್ಮವಾದುದು ‘ತಾ’ ಎಂಬ ಶಬ್ದ. ಕನ್ನಡದಲ್ಲಿ ಅದು ‘ತರು’ ಧಾತುವಿನ ವಿಧಿರೂಪ. ತಮಿಳಿನಲ್ಲಿ ‘ಕೊಡು’ ಎಂಬರ್ಥದ್ದು. ಎದುರಿನವನ ಕೈಯಲ್ಲಿರುವ ವಸ್ತುವನ್ನು ಕೇಳುವಾಗ ಎರಡೂ ಅರ್ಥಗಳು ಕೂಡಿಕೊಳ್ಳುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಒಳಗಿನಿಂದ ತರಿಸಬೇಕಾದಾಗ ಮಾತ್ರ ತಮಿಳು ‘ಕೊಂಡು ವಾ’ ಎನ್ನುತ್ತದೆ, ಆಡುನುಡಿಯಲ್ಲಿ ‘ಕೊಂಡಾ’. ಇದನ್ನು ಕೇಳಿದ ಕನ್ನಡಿಗನು, ‘ಕೊಂಡು ಬಾ’ ಎಂದರೆ ಹಣ ತೆತ್ತು ತರುವುದೆಂದು ತಿಳಿದು, ಪೇಟೆಗೆ ಹೊರಟಾನು. ಕೊಳ್ಳುವುದಕ್ಕೆ ತಮಿಳರು ಬಳಸುವ ಶಬ್ದ ‘ವಾಂಗು’. ಅದಕ್ಕೂ ‘ದಯಮಾಡಿಸಿ’ ಎಂಬ ಭಾವದ ‘ವಾಂಗ’ ಎಂಬುದಕ್ಕೂ ಇರುವ ಭೇದ ಕೊನೆಯ ಸ್ವರವೊಂದೇ. ಪಟ್ಟಿಯಲ್ಲಿ ಬಿಡಿಯಾಗಿ ನಿಂತ ಶಬ್ದಗಳಿಂದ ಇವಾವುವೂ ಹೊಳೆಯುವಂತಿಲ್ಲ.

ನಿಷೇಧರೂಪಗಳನ್ನು ಈ ಕೈಪಿಡಿಗಳು ಬಹುಮಟ್ಟಿಗೆ ಉಪೇಕ್ಷಿಸಿವೆ. ‘ಬರಬೇಡ’ ಎಂಬುದನ್ನು ಕನ್ನಡಿಗನು ಸಹಜವಾಗಿ ‘ವರ ವೇಂಡಾಂ’ ಎಂದು ತಿರುಗಿಸುತ್ತಾನೆ. ಶಬ್ದಗಳು ಸಜಾತೀಯವೇ; ಆದರೆ ಅದರ ಧ್ವನಿ ಹೆಚ್ಚಾಗಿ ‘ಬರಬೇಕಾಗಿಲ್ಲ’ ಎಂಬ ಕಡೆಗೆ ವಾಲುತ್ತದೆ. ನೇರವಾದ ನಿಷೇಧ ‘ವರಾದೇ’; ಗೌರವಕ್ಕೆ ‘ವರಾದೀಂಗ’. ಬಿಸಿ ಪಾತ್ರೆಯ ಕಡೆಗೆ ಕೈ ಚಾಚಿದ ಮಗುವಿಗೆ ‘ತೊಡಾದೇ’, ಅಂದರೆ ಮುಟ್ಟಬೇಡ, ಎನ್ನಬೇಕಾದಲ್ಲಿ ‘ಮುಟ್ಟಬೇಕಾಗಿಲ್ಲ’ ಎಂಬ ಧ್ವನಿಯ ಮಾತನ್ನಾಡಿದರೆ ಪ್ರಯೋಜನವೇನು? ಹಳಗನ್ನಡವನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ‘ಬಾರದಿರು’ ಎಂಬ ರೂಪ ಪರಿಚಿತ. ತಮಿಳಿನ ‘ವರಾದಿರು’ ಎಂಬುದನ್ನು ಅದರ ಪಕ್ಕದಲ್ಲಿಟ್ಟು ತೋರಿಸಿದರೆ ‘ವರಾದೇ’ ಎಂಬುದು ಅನಾಯಾಸವಾಗಿ ಮನಸ್ಸಿನಲ್ಲಿ ನಿಂತೀತು. ಕುಲಸಾಮ್ಯದಿಂದ ನಿಜವಾದ ಸಹಾಯ ದೊರೆಯುವ ಇಂತಹ ಸ್ಥಳಗಳನ್ನೇ ಕೈಪಿಡಿಕಾರರು ಬಿಟ್ಟುಬಿಟ್ಟಿರುವುದು ಶೋಚನೀಯ.

ಧಾತುವನ್ನು ಮೊದಲು ಕಲಿಸಿದರೆ ಮಿಕ್ಕ ರೂಪಗಳನ್ನು ಅದರಿಂದ ಸಾಧಿಸಿಕೊಳ್ಳಬಹುದು, ಮಗುವೂ ‘ವಾ’ ಎಂಬುದನ್ನೇ ಮೊದಲು ಕಲಿಯುತ್ತದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಮಗು ಅದನ್ನು ಕಲಿಯುವುದು, ಹಿರಿಯರು ತನ್ನನ್ನು ಹಾಗೆ ಕರೆಯುವುದರಿಂದ. ಪ್ರಾಯದವನಾದ ಪರಸ್ಥಳದವನ ಸ್ಥಿತಿ ಅದಲ್ಲ. ಅವನ ಕಿವಿಗೆ ಬೀಳುವುದು ‘ವಾಂಗ’, ‘ಉಟ್ಕಾರುಂಗ’. ಬಾಯಿಯಿಂದ ಬರಬೇಕಾದುದೂ ಅದೇ. ಮಗುವಿನ ತಪ್ಪನ್ನು ನಕ್ಕು ಮರೆಯುವ ಜನ ಇವನ ‘ಪೋ’ ಎಂಬ ಮಾತನ್ನು ಉದ್ಧಟತನವೆಂದೇ ಎಣಿಸಿದರೆ ಅವರನ್ನು ದೂರುವಂತಿಲ್ಲ.

ಆದ್ದರಿಂದ ಪಾಠದ ಕ್ರಮವನ್ನು ಬದಲಿಸುವುದು ಅಗತ್ಯವೆಂದು ನಮ್ಮ ಅಭಿಪ್ರಾಯ. ಮೊದಲು ಆಡುನುಡಿಯ ಗೌರವರೂಪ, ಅದರೊಡನೆಯೇ ಅದರ ನಿಷೇಧ. ಬಳಿಕ ಸಲಿಗೆಯ ಏಕವಚನ. ಕಡೆಯಲ್ಲಿ, ಓದುಬರಹಕ್ಕಾಗಿ, ಗ್ರಾಂಥಿಕ ರೂಪ. ಆಜ್ಞೆಯನ್ನು ಮೃದುಗೊಳಿಸುವ ‘ಕೊಂಜಂ’ ಎಂಬುದನ್ನೂ ಮೊದಲ ದಿನವೇ ಕಲಿಸತಕ್ಕದ್ದು. ‘ಕೊಂಜಂ ನಿಲ್ಲುಂಗ’ ಎಂದರೆ ನಮ್ಮ ‘ಸ್ವಲ್ಪ ನಿಲ್ಲಿ’ ಎಂಬುದೇ. ಮೈಸೂರಿನಲ್ಲಿ 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಸ್ಥಾಪಿತವಾದ ಮೇಲೆ ಅನ್ಯಭಾಷಾಬೋಧನೆ ನಮ್ಮ ನಾಡಿನಲ್ಲಿಯೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಮಾರುಕಟ್ಟೆಯ ಕೈಪಿಡಿಗಳು ಮಾತ್ರ ಹಳೆಯ ಪಟ್ಟಿಯನ್ನೇ ಪುನರ್ಮುದ್ರಿಸುತ್ತಿವೆ. ಕನ್ನಡವನ್ನೂ ತಮಿಳನ್ನೂ ಬಲ್ಲ ಅಧ್ಯಾಪಕರು ನಮ್ಮ ಕಾಲೇಜುಗಳಲ್ಲಿ ವಿರಳರಲ್ಲ. ಅವರು ತಮ್ಮ ವಿದ್ಯಾರ್ಥಿಗಳ ನೆರವಿನಿಂದ ನಿತ್ಯಬಳಕೆಯ ಐವತ್ತು ವಿಧಿವಾಕ್ಯಗಳನ್ನು, ಯಾರು ಯಾರಿಗೆ ಹೇಳುವ ಮಾತೆಂಬ ವಿವರದೊಡನೆ ಸಂಗ್ರಹಿಸಿಕೊಟ್ಟರೂ ಸಾಕು, ಸರಿಯಾದ ಕೈಪಿಡಿಯೊಂದಕ್ಕೆ ತಳಹದಿ ದೊರೆತಂತಾಗುತ್ತದೆ.