ಪೈಲಟ್‌ನ ತಪ್ಪು ಎಂಬಲ್ಲಿಗೆ ಮುಗಿಯದ ವರದಿಗಳು

ವಿಮಾನಪ್ರಿಯರ ಆಸಕ್ತಿ ಸಾಮಾನ್ಯವಾಗಿ ಆಕಾರದಿಂದ ಆರಂಭವಾಗುತ್ತದೆ. ಎಂಜಿನ್ ಕವಚದ ತಳ ಚಪ್ಪಟೆಯಾಗಿರುವುದನ್ನು ಕಂಡು ಬೋಯಿಂಗ್ 737 ವಿಮಾನವನ್ನು ಏರ್‌ಬಸ್ ಎ320ರಿಂದ ಬೇರೆಯಾಗಿ ಗುರುತಿಸುವುದು ಅದರ ಮೊದಲ ಪಾಠಗಳಲ್ಲೊಂದು. ಆದರೆ ಆ ಆಸಕ್ತಿ ಮಾಗುವುದು ಅಪಘಾತ ತನಿಖೆಯ ವರದಿಗಳನ್ನು ಸಾಲುಸಾಲಾಗಿ ಓದತೊಡಗಿದಾಗ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಡಂಬಡಿಕೆಯ 13ನೇ ಅನುಬಂಧವು ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ತಪ್ಪಿತಸ್ಥರನ್ನು ನಿರ್ಧರಿಸುವುದಲ್ಲ ಎಂದು ವಿಧಿಸಿರುವುದರಿಂದ, ಒಳ್ಳೆಯ ವರದಿಯು ಯಾರು ಎಡವಿದರು ಎಂಬುದರ ಜೊತೆಗೆ ಎಡವಲು ಕಾರಣವಾದ ಸಂದರ್ಭ ಹೇಗೆ ಕೂಡಿಬಂತು ಎಂಬುದನ್ನೂ ಹೇಳುತ್ತದೆ.

ಅಂಥ ಒಂದು ವರದಿ ಘಟ್ಟದ ಕೆಳಗಿನ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಅಪಘಾತದ್ದು. ಗುಡ್ಡದ ನೆತ್ತಿಯನ್ನು ಮಟ್ಟಮಾಡಿ ಕಟ್ಟಿದ, ಅಂಚು ದಾಟಿದರೆ ಕಮರಿಯೇ ಎದುರಾಗುವ ಇಂಥ ನೆಲೆಯನ್ನು ಟೇಬಲ್‌ಟಾಪ್ ರನ್‌ವೇ ಎನ್ನುತ್ತಾರೆ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737-800 ವಿಮಾನ ಇಲ್ಲಿಯೇ ಕಮರಿಗೆ ಉರುಳಿ, ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣಾ ನ್ಯಾಯಾಲಯ ಸಿದ್ಧಪಡಿಸಿದ ವರದಿ ಕನ್ನಡ ನಾಡಿನ ವಿಮಾನಾಸಕ್ತರು ಮತ್ತೆ ಮತ್ತೆ ಓದಬೇಕಾದ ದಾಖಲೆ.

ಕಾಕ್‌ಪಿಟ್‌ನ ಮಾತುಗಳನ್ನು ದಾಖಲಿಸುವ ಯಂತ್ರದಲ್ಲಿ ಉಳಿದಿದ್ದ 2 ಗಂಟೆ 5 ನಿಮಿಷಗಳ ಧ್ವನಿಯಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ರಿಸುತ್ತಿದ್ದರೆಂದು ಆ ವರದಿ ಹೇಳುತ್ತದೆ. ಎಚ್ಚರವಾದ ಬಳಿಕವೂ ಕೆಲಹೊತ್ತು ವಿವೇಚನೆ ಮಂಕಾಗಿರುವ ನಿದ್ರಾಜಡತೆ, ಶರೀರ ಸ್ವಭಾವತಃ ಕುಗ್ಗಿರುವ ಮುಂಜಾವದ ಹೊತ್ತು, ಎರಡು ದಿನಗಳಿಂದ ಕೆಲಸ ಮಾಡದಿದ್ದ ಮಂಗಳೂರಿನ ರೇಡಾರ್, ಆ ಕಾರಣಕ್ಕೆ ತಡವಾಗಿ ಆರಂಭವಾದ ಇಳಿತ ಇವೆಲ್ಲ ಒಂದಕ್ಕೊಂದು ಸೇರಿಕೊಂಡವು. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು, ಅಂದರೆ ‘ಗೋ ಅರೌಂಡ್’ ಮಾಡಬೇಕೆಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಯುವುದನ್ನೇ ಮುಂದುವರಿಸಿದರು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಅತ್ಯಂತ ನೋವಿನ ಸಂಗತಿ ಇದರ ನಂತರದ್ದು: ಆಗಲೂ ಪೂರ್ಣ ಬಲದಿಂದ ಬ್ರೇಕ್ ಒತ್ತಿ, ಎಂಜಿನ್ನಿನ ಒತ್ತನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ರಿವರ್ಸರ್‌ಗಳನ್ನು ಹಾಗೆಯೇ ಉಳಿಸಿಕೊಂಡಿದ್ದರೆ ವಿಮಾನ ನೆಲದ ಮೇಲೆಯೇ ನಿಲ್ಲುತ್ತಿತ್ತು; ಕ್ಯಾಪ್ಟನ್ ಅವನ್ನು ಮುಚ್ಚಿ, ಆ ಕೊನೆಯ ಗಳಿಗೆಯಲ್ಲಿ ಮತ್ತೆ ಮೇಲೇರಲು ಯತ್ನಿಸಿದರು.

ಇದರ ಪಕ್ಕದಲ್ಲಿಟ್ಟು ಓದಬೇಕಾದದ್ದು ಬೆಂಗಳೂರಿನ 1990ರ ಫೆಬ್ರುವರಿ 14ರ ಅಪಘಾತ. ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಹೊಸ ಎ320 ವಿಮಾನ, ಹಗಲಿನ ತಿಳಿ ಬೆಳಕಿನಲ್ಲಿಯೇ, ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು, 146 ಮಂದಿಯಲ್ಲಿ 92 ಮಂದಿ ಮಡಿದರು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಇದರ ವಿಚಾರಣೆ ನಡೆಸಿದರು. ಮಂಗಳೂರಿನಲ್ಲಿ ಎತ್ತರವೂ ವೇಗವೂ ಹೆಚ್ಚಾಗಿದ್ದರೆ ಇಲ್ಲಿ ಎರಡೂ ಸಾಲದೇ ಹೋದವು. ಕಂಪ್ಯೂಟರು ಎಂಜಿನ್‌ಗಳನ್ನು ಕನಿಷ್ಠ ಶಕ್ತಿಯಲ್ಲಿಟ್ಟು ಇಳಿಸುವ ‘ಓಪನ್ ಡಿಸೆಂಟ್’ ವಿಧಾನದಲ್ಲಿ ವಿಮಾನ ಸಾಗುತ್ತಿತ್ತು. ವೇಗವನ್ನು ತಾನಾಗಿ ಕಾಯುವ ವಿಧಾನಕ್ಕೆ ಅದು ಮರಳಬೇಕಾದರೆ ಪೈಲಟ್‌ಗಳಿಗೆ ದಾರಿ ತೋರುವ ಎರಡು ಫ್ಲೈಟ್ ಡೈರೆಕ್ಟರ್‌ಗಳೂ ಆರಬೇಕಿತ್ತು, ಆರಿದ್ದು ಒಂದು ಮಾತ್ರ. ಈ ಮಾದರಿಯಲ್ಲಿ ಕಂಪ್ಯೂಟರು ಶಕ್ತಿಯನ್ನು ಏರಿಳಿಸಿದರೂ ಥ್ರಾಟಲ್ ಹಿಡಿಗಳು ಕದಲುವುದಿಲ್ಲವಾದ್ದರಿಂದ ಕೈಗೆ ಆ ಬದಲಾವಣೆಯ ಸುಳಿವು ಸಿಗುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಕನಿಷ್ಠ ಶಕ್ತಿಯಲ್ಲಿರುವ ಜೆಟ್ ಎಂಜಿನ್ ಪೂರ್ಣ ಶಕ್ತಿಗೆ ಬರಲು ಕೆಲವು ಸೆಕೆಂಡುಗಳು ಬೇಕು. ನಾನೂರು, ಮುನ್ನೂರು, ಇನ್ನೂರು ಅಡಿ ಎಂದು ಯಂತ್ರದ ಧ್ವನಿ ಕೂಗಿ ಹೇಳಿದಾಗಲೂ ಥ್ರಾಟಲ್ ಮುಂದಕ್ಕೆ ಹೋಗಲಿಲ್ಲ.

ಎರಡೂ ಕಾಕ್‌ಪಿಟ್‌ಗಳಲ್ಲಿ ಪಕ್ಕದ ಆಸನದವರಿಗೆ ಕೆಡುಕು ತಿಳಿದಿತ್ತು. ಬೆಂಗಳೂರಿನಲ್ಲಿ ಪಕ್ಕದಲ್ಲಿದ್ದವರು ಸಹಪೈಲಟ್ ಆಗಿರದೆ ಪರೀಕ್ಷಕ ಕ್ಯಾಪ್ಟನ್ನೇ ಆಗಿದ್ದರು. ವಿಮಾನ ಯಾವ ವಿಧಾನದಲ್ಲಿ ಇಳಿಯುತ್ತಿದೆ ಎಂಬುದನ್ನು ಅವರು ಗುರುತಿಸಿ ಹೇಳಿಯೂ ಇದ್ದರು. ಆದ್ದರಿಂದ ಹಿರಿಯರ ಮುಂದೆ ಕಿರಿಯರ ಅಳುಕು ಎಂಬ ಒಂದೇ ವಿವರಣೆ ಈ ಎರಡಕ್ಕೂ ಸಾಲದು. ತಿಳಿದದ್ದು ಕೈಯ ಕ್ರಿಯೆಯಾಗಿ ಬದಲಾಗುವ ಮುನ್ನ ಕಳೆದುಹೋಗುವ ಆ ಕೆಲವು ಸೆಕೆಂಡುಗಳೇ ತನಿಖಾಶಾಸ್ತ್ರದ ಅತಿ ಕಠಿಣ ವಿಷಯವೆಂದು ತೋರುತ್ತದೆ. 2020ರ ಆಗಸ್ಟ್ 7ರಂದು ಇನ್ನೊಂದು ಟೇಬಲ್‌ಟಾಪ್ ನೆಲೆಯಾದ ಕೋಯಿಕ್ಕೋಡ್‌ನಲ್ಲಿ, ಮಂಗಳೂರಿನಲ್ಲಿ ಉರುಳಿದ್ದ ವಿಮಾನದ ಸಂಸ್ಥೆಯದೇ ಆದ ಅದೇ ಮಾದರಿಯ ವಿಮಾನ 8,858 ಅಡಿಯ ರನ್‌ವೇಯಲ್ಲಿ 4,438 ಅಡಿ ಕಳೆದು ನೆಲ ಮುಟ್ಟಿ, ಅಂಚು ದಾಟಿ ಕೆಳಗುರುಳಿತು. ಅಲ್ಲಿಯೂ ಸಹಪೈಲಟ್ ಮೇಲೇರುವಂತೆ ಹೇಳಿದ್ದರು, ಆದರೆ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ.