ಅಳುವಿನ ದನಿಯನ್ನು ಏನು ಮಾಡುವುದು?

ಒಳ್ಳೆಯ ಸಿನಿಮಾದಲ್ಲಿ ಸಂಯಮವಿರುತ್ತದೆ, ಕೆಟ್ಟ ಸಿನಿಮಾದಲ್ಲಿ ಕಣ್ಣೀರಿರುತ್ತದೆ ಎಂಬ ವಿಂಗಡಣೆ ನಮ್ಮ ವಿಚಾರಸಂಕಿರಣಗಳಲ್ಲಿ ಇನ್ನೂ ಗಟ್ಟಿಯಾಗಿ ಕೂತಿದೆ. 'ಮೆಲೋಡ್ರಾಮಾ' ಎಂಬ ಪದವನ್ನು ಅಲ್ಲಿ ಬಹುತೇಕ ಬೈಗುಳದ ಹಾಗೆ ಬಳಸುತ್ತಾರೆ. ಸಂಜೆಯ ಧಾರಾವಾಹಿಗಳಲ್ಲಿ ಒಂದೇ ಮುಖವನ್ನು ಮೂರು ಸಲ ಹತ್ತಿರಕ್ಕೆಳೆದು, ಪ್ರತಿ ಸಲವೂ ಪಿಟೀಲು ಬಾರಿಸುವುದನ್ನು ನೋಡಿದರೆ ಈ ಬೈಗುಳ ನ್ಯಾಯವೇ ಅನ್ನಿಸುತ್ತದೆ. ಆದರೆ ನನ್ನ ಮನಸ್ಸಿನಿಂದ ಹೋಗದೆ ಉಳಿದಿರುವ ಅಳುವಿನ ದೃಶ್ಯಗಳಲ್ಲಿ ಸಂಯಮ ಅಷ್ಟೇನೂ ಇಲ್ಲ. ಅಲ್ಲಿ ಅಳುವವರು ಪೂರ್ತಿಯಾಗಿ ಅಳುತ್ತಾರೆ. ಆ ದನಿಯನ್ನು ನಿರ್ದೇಶಕ ಏನು ಮಾಡಿದ ಎಂಬುದೇ ನನ್ನ ಕುತೂಹಲ.

ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955) ಎಲ್ಲರೂ ನೋಡಿರುವ ಉದಾಹರಣೆ. ಮಳೆಯಲ್ಲಿ ನೆನೆದ ದುರ್ಗಾ ಜ್ವರ ಬಂದು, ಬಿರುಗಾಳಿಯ ರಾತ್ರಿ ಕಳೆಯುವಷ್ಟರಲ್ಲಿ ತೀರಿಕೊಂಡಿದ್ದಾಳೆ. ಊರೂರು ಅಲೆದು ದುಡಿಯಲು ಹೋಗಿದ್ದ ಹರಿಹರನಿಗೆ ಅದು ಗೊತ್ತಿಲ್ಲ. ಅವನು ಕುರುಬಿದ್ದ ಮನೆಗೆ ಬಂದು ಮಕ್ಕಳ ಹೆಸರು ಹಿಡಿದು ಕೂಗುತ್ತಾನೆ. ಸರ್ಬಜಯಾ ಏನೂ ಹೇಳದೆ ಅವನ ಉಪಚಾರಕ್ಕೆ ನಿಲ್ಲುತ್ತಾಳೆ. ಅವನು ಗಂಟು ಬಿಚ್ಚಿ ತಂದದ್ದನ್ನೆಲ್ಲ ಒಂದೊಂದಾಗಿ ತೋರಿಸುತ್ತಾ ಹೋಗುತ್ತಾನೆ: ಲಟ್ಟಿಸುವ ಮಣೆ, ಲಕ್ಷ್ಮಿಯ ಪಟ, ಕೊನೆಗೆ ದುರ್ಗಾಳಿಗೊಂದು ಸೀರೆ. ಆ ಸೀರೆ ಕೈಗೆ ಬಂದಾಗ ಸರ್ಬಜಯಾ ಅದನ್ನು ಮುಖಕ್ಕೆ ಒತ್ತಿಕೊಂಡು ಕುಸಿಯುತ್ತಾಳೆ. ಅವಳ ಬಾಯಿ ತೆರೆದಿದೆ, ದನಿ ಮಾತ್ರ ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ರವಿಶಂಕರ್ ಅವರ ಸಂಗೀತದ ತಾರಶೆಹನಾಯಿ ಮೇಲಿನ ಸ್ಥಾಯಿಯಲ್ಲಿ ಚೀರುತ್ತದೆ. ಹೆಸರಿನಲ್ಲಿ ಶೆಹನಾಯಿ ಇದ್ದರೂ ಅದು ಕಮಾನಿನಿಂದ ನುಡಿಸುವ ತಂತಿವಾದ್ಯ, ಎಸ್ರಾಜಿಗೆ ಲೋಹದ ಕಹಳೆಯೊಂದನ್ನು ಜೋಡಿಸಿದ ಹಾಗಿರುತ್ತದೆ. ಆ ಕಹಳೆಯಿಂದಾಗಿ ತಂತಿಯ ನಾದ ಗಂಟಲಿನಿಂದ ಹೊರಟಂತೆ ಕೇಳುತ್ತದೆ. (ಈ ಪಾತ್ರ ಮಾಡಿದ ನಟಿಯ ಹೆಸರು ಕರುಣಾ ಬ್ಯಾನರ್ಜಿ. ರಸಸಿದ್ಧಾಂತ ಓದಿದವರಿಗೆ ಇದು ಕಾಕತಾಳೀಯ ಅಂತ ಸುಮ್ಮನಿರುವುದು ಸ್ವಲ್ಪ ಕಷ್ಟ.)

ಇದನ್ನು ಸಾಮಾನ್ಯವಾಗಿ ಸಂಯಮದ ಮಾದರಿ ಎಂದು ಪಾಠ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ರಾಯ್ ಇಲ್ಲಿ ಅಳುವನ್ನು ತಗ್ಗಿಸಿಲ್ಲ, ಒಬ್ಬ ನಟಿಯ ಗಂಟಲಿಗೆ ಎಟುಕದಷ್ಟು ಎತ್ತರಕ್ಕೆ ಏರಿಸಿದ್ದಾರೆ. ದನಿ ಒಬ್ಬ ಹೆಂಗಸಿನದಾಗಿದ್ದರೆ ನಾವು ಅವಳನ್ನು ನೋಡಿ ಮರುಗುತ್ತಿದ್ದೆವು. ವಾದ್ಯದ್ದಾದ್ದರಿಂದ ಅದು ಹರಿಹರನ ಮೇಲೂ, ಹೊರಗೆ ಸುಮ್ಮನೆ ನಿಂತ ಅಪುವಿನ ಮೇಲೂ ಹರಡುತ್ತದೆ. ಇನ್ನೊಂದು ಸಂಗತಿಯೂ ಇದೆ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವುದನ್ನು ಕೇಳಿದವರಿಗೆ ಗೊತ್ತು, ಆ ಅಳುವಿನಲ್ಲಿ ಪಟ್ಟಿ ಇರುತ್ತದೆ. ಸತ್ತವರು ಉಟ್ಟದ್ದು, ಉಂಡದ್ದು, ಕೊಟ್ಟದ್ದು, ಅವರಿಗೆ ಕೊಡಬೇಕೆಂದು ಇಟ್ಟುಕೊಂಡದ್ದು ಎಲ್ಲವೂ ಒಂದರ ಹಿಂದೊಂದು ರಾಗವಾಗಿ ಬರುತ್ತವೆ. ಹರಿಹರ ಮಾಡುತ್ತಿರುವುದೂ ಅದೇ ಪಟ್ಟಿ. ತಾನು ಮಗಳಿಗಾಗಿ ಶೋಕಗೀತೆ ಹಾಡುತ್ತಿದ್ದೇನೆಂದು ಅವನೊಬ್ಬನಿಗೇ ತಿಳಿದಿಲ್ಲ. ಮಾತು ಅವನಲ್ಲಿದೆ, ಅಳು ಅವಳಲ್ಲಿದೆ. ಹಾಡಿ ಅಳುವವಳಲ್ಲಿ ಒಂದಾಗಿರುವ ಎರಡನ್ನು ರಾಯ್ ಗಂಡಹೆಂಡಿರಿಗೆ ಹಂಚಿಬಿಟ್ಟಿದ್ದಾರೆ.

ಐದು ವರ್ಷಗಳ ನಂತರ ಋತ್ವಿಕ್ ಘಟಕ್ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದರು. 'ಮೇಘೇ ಢಾಕಾ ತಾರಾ' (1960) ದೇಶವಿಭಜನೆಯಿಂದ ಬೇರು ಕಿತ್ತುಬಂದ ಕುಟುಂಬವೊಂದರ ಕತೆ. ಹಿರಿಮಗಳು ನೀತಾ ದುಡಿದು ಎಲ್ಲರನ್ನೂ ಸಾಕಿ, ಪ್ರೀತಿಸಿದವನನ್ನು ತಂಗಿಗೆ ಕಳೆದುಕೊಂಡು, ಕ್ಷಯ ಹಿಡಿದು ಶಿಲ್ಲಾಂಗಿನ ಆರೋಗ್ಯಧಾಮ ಸೇರುತ್ತಾಳೆ. ನೋಡಲು ಬಂದ ಅಣ್ಣ ಶಂಕರ ಮನೆಯ ಸುದ್ದಿ ಹೇಳುತ್ತಾನೆ. ತಂಗಿಯ ಪುಟ್ಟ ಮಗು ಎಷ್ಟು ತುಂಟನಾಗಿದೆ ಎಂದು ಅವನು ನಗುತ್ತಿರುವಾಗಲೇ ನೀತಾ ಕಿರುಚುತ್ತಾಳೆ. ತನಗೆ ಬದುಕಬೇಕೆಂಬ ಆಸೆಯಿತ್ತು, ಈಗಲೂ ಇದೆ ಎಂದು ಅಣ್ಣನನ್ನು ಹಿಡಿದುಕೊಂಡು ಗೋಗರೆಯುತ್ತಾಳೆ. ಆಗ ಕ್ಯಾಮರಾ ಅವಳನ್ನು ಬಿಟ್ಟು ಸುತ್ತಲಿನ ಬೆಟ್ಟಗಳ ಮೇಲೆ ತಿರುಗತೊಡಗುತ್ತದೆ. ಮುಖ ಹೋಯಿತು, ದನಿ ಉಳಿಯಿತು. ಅದು ಬೆಟ್ಟದಿಂದ ಬೆಟ್ಟಕ್ಕೆ ಬಡಿದು ಮರಳುತ್ತದೆ. ಇದು ಮೆಲೋಡ್ರಾಮಾ ಹೌದೋ ಅಲ್ಲವೋ ಎಂದು ಕೇಳಿದರೆ ಹೌದು, ಯಾವ ಸಂಕೋಚವೂ ಇಲ್ಲದ ಮೆಲೋಡ್ರಾಮಾ. ಇಡೀ ಸಿನಿಮಾದಲ್ಲಿ ತನಗಾಗಿ ಏನನ್ನೂ ಕೇಳದ ಒಬ್ಬಳು ಮೊದಲ ಬಾರಿಗೆ ಕೇಳಿದ್ದಾಳೆ. ಅದನ್ನು ಮೆಲುದನಿಯಲ್ಲಿ ಕೇಳಬೇಕಿತ್ತು ಎಂದು ಬಯಸುವ ಅಭಿರುಚಿ ಅವಳ ಮನೆಯವರ ಅಭಿರುಚಿಯೇ. ಅವರಿಗೂ ಅವಳು ಸದ್ದಿಲ್ಲದೆ ದುಡಿಯುವುದೇ ಬೇಕಾಗಿತ್ತು.

ಇವೆರಡರಲ್ಲೂ ಅಳುವಿಗೆ ಕಾರಣ ನಮಗೆ ಗೊತ್ತು. ತೈವಾನಿನ ತ್ಸಾಯ್ ಮಿಂಗ್-ಲಿಯಾಂಗ್ ಅವರ 'ವಿವ್ ಲಮೂರ್' (1994) ಆ ಅನುಕೂಲವನ್ನೂ ಕಿತ್ತುಕೊಳ್ಳುತ್ತದೆ. ತೈಪೇಯಲ್ಲಿ ಮನೆ ಮಾರಿಸುವ ದಲ್ಲಾಳಿ ಹೆಂಗಸೊಬ್ಬಳು ಖಾಲಿ ಫ್ಲ್ಯಾಟಿನಲ್ಲಿ ಒಬ್ಬನ ಜೊತೆ ರಾತ್ರಿ ಕಳೆದು ಬೆಳಿಗ್ಗೆ ಎದ್ದು ಹೋಗುತ್ತಾಳೆ. ಇನ್ನೂ ಪೂರ್ತಿಯಾಗದ, ಮಣ್ಣು ಕೆದಕಿದ ಪಾರ್ಕಿನಲ್ಲಿ ಬಹಳ ಹೊತ್ತು ನಡೆದು ಒಂದು ಬೆಂಚಿನ ಮೇಲೆ ಕೂತು ಅಳುತ್ತಾಳೆ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಪೇಪರ್ ಓದುತ್ತಿದ್ದಾನೆ. ಹಿನ್ನೆಲೆ ಸಂಗೀತವಿಲ್ಲ. ಸುಮಾರು ಆರು ನಿಮಿಷ ಕ್ಯಾಮರಾ ಯಾಂಗ್ ಕ್ವೆಯ್-ಮೇಯ್ ಮುಖವನ್ನು ಬಿಟ್ಟು ಕದಲುವುದಿಲ್ಲ. ಮೊದಲ ನಿಮಿಷ ನಮಗೆ ಕನಿಕರ, ಎರಡನೆಯದರಲ್ಲಿ ಮುಜುಗರ. ಆಮೇಲೆ ಅವಳ ಮೂಗು, ಕೂದಲು, ಬೆಳಕು ಕಾಣತೊಡಗುತ್ತವೆ. ಅಳು ನಿಂತಿತು ಅನ್ನುವಾಗ ಸಿಗರೇಟು ಹಚ್ಚುತ್ತಾಳೆ, ಮತ್ತೆ ಅಳು ಉಕ್ಕುತ್ತದೆ. ನಾಟ್ಯಶಾಸ್ತ್ರ ಅಶ್ರುವನ್ನು ಎಂಟು ಸಾತ್ತ್ವಿಕಭಾವಗಳಲ್ಲಿ ಒಂದೆಂದು ಎಣಿಸುತ್ತದೆ, ಶೋಕವನ್ನು ಕರುಣದ ಸ್ಥಾಯಿ ಎನ್ನುತ್ತದೆ. ಇಲ್ಲಿ ಅಶ್ರುವಿದೆ, ವಿಭಾವವೇ ಕೈಗೆ ಸಿಗುವುದಿಲ್ಲ. ಕಾರಣ ಬೇಕಾದವರು ಹಿಂದಿನ ಎರಡು ತಾಸುಗಳನ್ನು ಮತ್ತೆ ನೆನೆದುಕೊಳ್ಳಬೇಕು. ಹಾಗೆ ನೆನೆದಾಗ ಅವಳು ತೋರಿಸಿದ ಖಾಲಿ ಮನೆಗಳು, ಬಾರದ ಗಿರಾಕಿಗಳು, ಒಬ್ಬಳೇ ಕಾದ ಮಧ್ಯಾಹ್ನಗಳು ಬೇರೆಯಾಗಿ ಕಾಣುತ್ತವೆ.

ಕನ್ನಡದ ಮಟ್ಟಿಗೆ ನಾನು ಈ ಸಾಲಿನಲ್ಲಿ ಇಡಬಯಸುವುದು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು (1977). ಕಲ್ಪನಾ ಅಳುವ ಪುಟ್ಟಣ್ಣ ಕಣಗಾಲರ ಸಿನಿಮಾಗಳು ನೆನಪಾಗುವುದಿಲ್ಲ ಎಂದಲ್ಲ, ಅವುಗಳಿಗೆ ಬೇರೆಯೇ ಲೇಖನ ಬೇಕು. ಅನಂತಮೂರ್ತಿಯವರ ಕತೆಯನ್ನಾಧರಿಸಿದ ಈ ಸಿನಿಮಾದಲ್ಲಿ, ವಿಧವೆ ಯಮುನಕ್ಕ ಬಸಿರಾದಳೆಂದು ಅವಳ ತಂದೆ ಬದುಕಿರುವ ಮಗಳಿಗೇ ಶ್ರಾದ್ಧ ಮಾಡುತ್ತಾನೆ. ಸಾವೇ ಇಲ್ಲದೆ ಸಾವಿನ ವಿಧಿಯೆಲ್ಲ ನಡೆಯುತ್ತದೆ, ಮಡಕೆ ಒಡೆಯುತ್ತದೆ. ಹಾಡಿ ಅಳುವವರು ಯಾರೂ ಇಲ್ಲ. ಸತ್ತವಳಿಗಾದರೆ ಊರು ಅಳಬಹುದಿತ್ತು, ಬದುಕಿದ್ದವಳಿಗಾಗಿ ಅಳುವ ಪದ್ಧತಿ ಊರಿಗೆ ಗೊತ್ತಿಲ್ಲ. ವೇದಪಾಠಕ್ಕೆ ಬಂದಿದ್ದ ಹುಡುಗ ನಾಣಿಯನ್ನು ಅಪ್ಪ ಊರಿಗೆ ಕರೆದೊಯ್ಯುತ್ತಿದ್ದಾನೆ. ದಾರಿಯಲ್ಲಿ ಮರದ ಕೆಳಗೆ ತಲೆ ಬೋಳಿಸಿದ ಯಮುನಕ್ಕ ಕೂತಿರುವುದು ಅವನಿಗೆ ಕಾಣುತ್ತದೆ. ಅಲ್ಲಿ ನಿಲ್ಲಲು ಅವನಿಗೆ ಬಿಡುವುದಿಲ್ಲ.