ಗಾಯದ ಸಮೇತ ಎದ್ದವನು

ಕನ್ನಡದ ವಿಮರ್ಶಕರು ಕ್ರೈಸ್ತ ಭಕ್ತಿಸಾಹಿತ್ಯ ಅಂತ ಒಂದು ಇದೆ ಅನ್ನೋದೇ ಗೊತ್ತಿಲ್ಲದವರ ಹಾಗೆ ಇದ್ದುಬಿಟ್ಟಿದ್ದಾರೆ. ಮಿಷನರಿಗಳು ಅಂದಕೂಡಲೇ 1843ರ ‘ಮಂಗಳೂರು ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಅಂತ ಎರಡು ಹೆಸರು ಹೇಳಿ, ಕೈಮುಗಿದು ಮುಂದಕ್ಕೆ ಹೋಗುತ್ತಾರೆ. ಆ ಜನ ಸಮುದ್ರ ದಾಟಿ ಬಂದದ್ದು ನಮಗೆ ನಿಘಂಟು ಮಾಡಿಕೊಡೋದಕ್ಕಲ್ಲ. ಪಾಪ, ಸಾವು, ಸತ್ತವನು ಎದ್ದದ್ದು, ಇವನ್ನು ಹೇಳೋದಕ್ಕೆ ಬಂದರು. ನಿಘಂಟಿನ ಕಿಟ್ಟೆಲರೇ 1862ರಲ್ಲಿ ‘ಕಥಾಮಾಲೆ’ ಬರೆದು ಯೇಸುವಿನ ಬದುಕನ್ನು ನಮ್ಮ ಛಂದಸ್ಸಿಗೆ ಕೂರಿಸಿದರು. ಅದನ್ನು ಓದಿದವರು ಎಷ್ಟು ಮಂದಿ?

ಪಂಡಿತರು ಓದದಿದ್ದರೆ ಬೇಡ. ನಮ್ಮ ಕೇರಿಗಳಲ್ಲಿ ಓದುವವರಿದ್ದಾರೆ. ಈ ದೇಶದ ಕ್ರೈಸ್ತರಲ್ಲಿ ಬಹಳಷ್ಟು ಮಂದಿ ದಲಿತರ ಕೇರಿಗಳಿಂದಲೇ ಹೋದವರು. ಬೇರೆ ಯಾವ ಪುಸ್ತಕವೂ ಇಲ್ಲದ ಮನೆಯ ಗೂಡಿನಲ್ಲಿ ಜಿಡ್ಡು ಹಿಡಿದ ಸುವಾರ್ತೆಯೊಂದು, ಅದರ ಪಕ್ಕದಲ್ಲಿ ದಿನಕ್ಕೊಂದು ಧ್ಯಾನ, ದಿನಕ್ಕೊಂದು ಪ್ರಾರ್ಥನೆ ಅಂತ ಬರೆದ ಸಣ್ಣ ಪುಸ್ತಕವೊಂದು ಇರುತ್ತದೆ. ಜನ ಓದುವ ಪುಸ್ತಕವನ್ನು ವಿಮರ್ಶೆ ಮಾಡದೆ ಬಿಡೋದು ಅಂದರೆ ಆ ಜನರನ್ನೇ ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಹಾಗೆ. ಧರ್ಮ ಅಫೀಮು ಅಂತ ಒಂದು ಮಾತು ಎಸೆದು ಎದ್ದುಹೋಗುವ ನಮ್ಮ ಗೆಳೆಯರಿಗೂ ಇದು ಸಲ್ಲುತ್ತದೆ. ಅಫೀಮೇ ಇರಲಿ, ನೋವು ಇದ್ದವನು ತಾನೆ ತಿನ್ನೋದು? ನೋವು ಎಲ್ಲಿದೆ ಅಂತ ನೋಡಬೇಡವೇ?

ನನ್ನ ತಕರಾರು ಒಂದೇ. ಮೂಲ ಗ್ರಂಥ ಸತ್ತವನ ಮೈ ಎದ್ದಿತು ಅನ್ನುತ್ತದೆ. ಭಕ್ತಿಪುಸ್ತಕಗಳು ಆ ಮೈಯನ್ನು ಬಿಟ್ಟು ಆತ್ಮವನ್ನು ಮಾತ್ರ ಉಳಿಸಿಕೊಂಡಿವೆ. ಭಾನುವಾರ ದೇವಾಲಯದಲ್ಲಿ ನಿಂತು ಹೇಳುವ ವಿಶ್ವಾಸ ಪ್ರಮಾಣದಲ್ಲಿ ಶರೀರದ ಪುನರುತ್ಥಾನ ಅಂತಲೇ ಇದೆ. ಮನೆಗೆ ಬಂದು ಧ್ಯಾನದ ಪುಸ್ತಕ ತೆಗೆದರೆ ಶರೀರ ಅನ್ನೋದು ಕಳಚಿ ಬಿಸಾಡುವ ಹಳೇ ಬಟ್ಟೆ. ಮೈ ಕಾಣೆಯಾದರೆ ಮೈ ಮೇಲೆ ಬಿದ್ದ ಏಟೂ ಕಾಣೆಯಾಗುತ್ತದೆ. ಏಟು ಕಾಣೆಯಾದರೆ ಹೊಡೆದವನ ಕೈಯೂ ಕಾಣೆ. ಇದರಿಂದ ಯಾರಿಗೆ ಅನುಕೂಲ ಅಂತ ಕೇಳಬೇಕಾದ್ದು ವಿಮರ್ಶೆಯ ಕೆಲಸ.

ಸುವಾರ್ತೆಗಳ ಕೊನೆಯ ಅಧ್ಯಾಯಗಳನ್ನು ಕಥೆ ಓದುವ ಹಾಗೆ ಓದಿ ನೋಡಿ. ಶಿಲುಬೆ ಅನ್ನೋದು ರೋಮನ್ನರು ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಸಾವು. ಹೋಗಿಬರುವವರ ಕಣ್ಣಿಗೆ ಬೀಳುವ ಹಾಗೆ ನೇತುಹಾಕಿ ಮಾನ ಕಳೆದು ಕೊಲ್ಲುವ ಸಾವು. ಹಾಗೆ ಸತ್ತವನಿಗೆ ಮಣ್ಣಾಗಲು ಸ್ವಂತ ಜಾಗವಿಲ್ಲ. ಅರಿಮಥಾಯದ ಯೋಸೇಫ ಅನ್ನುವ ಅನುಕೂಲಸ್ಥನೊಬ್ಬ ಅಧಿಕಾರಿಯ ಬಾಗಿಲಿಗೆ ಹೋಗಿ ಹೆಣವನ್ನು ಬೇಡಿ ತರುತ್ತಾನೆ. ಬೆಳಗಾಗೆದ್ದು ಹೆಣಕ್ಕೆ ಸುಗಂಧ ಹಚ್ಚೋದಕ್ಕೆ ಹೋದವರು ಹೆಂಗಸರು. ಗಂಡಸು ಶಿಷ್ಯರು ಬಾಗಿಲು ಹಾಕಿಕೊಂಡು ಕೂತಿದ್ದರು. ಅತಿ ಹಳೆಯ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ ಖಾಲಿ ಸಮಾಧಿ ಕಂಡ ಹೆಂಗಸರು ಹೆದರಿ ಓಡಿಹೋದ ಕಡೆಗೇ ನಿಂತುಬಿಡುತ್ತದೆ. ಮುಂದಿನ ಹನ್ನೆರಡು ವಚನ ಆಮೇಲೆ ಸೇರಿದವು ಅಂತ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಇನ್ನು ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೇ ಅಧ್ಯಾಯದಲ್ಲಿ ಎದ್ದವನನ್ನು ಕಂಡವರ ಪಟ್ಟಿ ಕೊಡುತ್ತಾನೆ. ಕೇಫನಿದ್ದಾನೆ, ಹನ್ನೆರಡು ಮಂದಿ ಇದ್ದಾರೆ, ಐನೂರಕ್ಕೂ ಮೇಲ್ಪಟ್ಟು ಸಹೋದರರಿದ್ದಾರೆ, ಯಾಕೋಬನಿದ್ದಾನೆ, ಕೊನೆಗೆ ಪೌಲ ತಾನೂ ಇದ್ದಾನೆ. ಮೊದಲು ಹೋದ ಹೆಂಗಸರ ಹೆಸರು ಒಂದೂ ಇಲ್ಲ. ಅಂದರೆ ಸಾಕ್ಷಿಗಳನ್ನು ಅಳಿಸುವ ಕೆಲಸ ಗ್ರಂಥದೊಳಗೇ ಶುರುವಾಗಿದೆ. ಹಾಗಿದ್ದೂ ನಾಲ್ಕು ಸುವಾರ್ತೆಗಳು ಆ ಹೆಂಗಸರನ್ನು ಉಳಿಸಿಕೊಂಡಿವೆ. ಈ ಎಳೆದಾಟವನ್ನು ನಾನು ಓದಿದ ಯಾವ ಭಕ್ತಿಪುಸ್ತಕವೂ ಹೇಳಿಲ್ಲ.

ಎದ್ದು ಬಂದವನು ಏನು ಮಾಡಿದ? ಲೂಕ ಹೇಳುವ ಪ್ರಕಾರ, ಭೂತ ಅಂತ ಹೆದರಿದವರ ಮುಂದೆ ನಿಂತು ತಿನ್ನೋದಕ್ಕೆ ಏನಾದರೂ ಇದೆಯಾ ಅಂತ ಕೇಳಿದ. ಸುಟ್ಟ ಮೀನಿನ ತುಂಡು ಕೊಟ್ಟರೆ ಅವರ ಕಣ್ಣೆದುರೇ ತಿಂದ. ಯೋಹಾನ ಹೇಳುವ ಪ್ರಕಾರ, ರಾತ್ರಿಯೆಲ್ಲಾ ಬಲೆ ಬೀಸಿ ಬರಿಗೈಲಿ ಕೂತ ಬೆಸ್ತರಿಗೆ ದಡದಲ್ಲಿ ಕೆಂಡ ಮಾಡಿ, ಮೀನು ರೊಟ್ಟಿ ಇಟ್ಟುಕೊಂಡು, ಬನ್ನಿ ಉಣ್ಣಿ ಅಂತ ಕರೆದ. ನನ್ನ ದೊಡ್ಡಮ್ಮನಿಗೆ ಓದು ಬಾರದು. ಸ್ಕೂಲಿಗೆ ಹೋಗುವ ಮೊಮ್ಮಗನ ಕೈಲಿ ಸುವಾರ್ತೆ ಓದಿಸಿ ಕೇಳುವಾಗ ಸಮಾಧಿ, ದೇವದೂತ ಎಲ್ಲಾ ಬೇಗ ದಾಟಿಸಿ ಈ ಮೀನಿನ ಭಾಗವನ್ನು ಎರಡೆರಡು ಸಲ ಓದಿಸುತ್ತಿದ್ದಳು. ಹಸಿದವರು ಕಥೆಯನ್ನು ಎಲ್ಲಿ ಹಿಡಿಯುತ್ತಾರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ವಿಮರ್ಶೆ ನನಗೆ ಕಾಲೇಜಿನಲ್ಲಿ ಸಿಕ್ಕಿಲ್ಲ.

ಆಮೇಲೆ ಮುಟ್ಟುವ ಮಾತು. ಯೋಹಾನನ 20ನೇ ಅಧ್ಯಾಯದಲ್ಲಿ ಎದ್ದವನು ಮಗ್ದಲದ ಮರಿಯಳಿಗೆ ನನ್ನನ್ನು ಮುಟ್ಟಬೇಡ ಅನ್ನುತ್ತಾನೆ. ಎಂಟು ದಿನ ಕಳೆದು ತೋಮನಿಗೆ, ಬಾ, ಬೆರಳು ಹಾಕಿ ನೋಡು ಅನ್ನುತ್ತಾನೆ. ಹುಟ್ಟಿದಾಗಿನಿಂದ ಮುಟ್ಟಬೇಡ ಅಂತ ಕೇಳಿಸಿಕೊಂಡು ಬೆಳೆದವರಿಗೆ ಮೊದಲ ಮಾತು ಚುಚ್ಚುತ್ತದೆ. ಗ್ರೀಕ್ ಮೂಲದಲ್ಲಿ ಅದರ ಅರ್ಥ ಹಿಡಿದುಕೊಂಡೇ ಇರಬೇಡ, ಬಿಡು ಅಂತ ಆಗುತ್ತದೆ ಅಂತ ಬಲ್ಲವರು ವಿವರಿಸುತ್ತಾರೆ. ಹಾಗೇ ಇಟ್ಟುಕೊಳ್ಳೋಣ. ಆದರೂ ಅತ್ತು ಹುಡುಕಿದ ಹೆಂಗಸಿಗೆ ಬಿಡು ಅಂತ, ಅನುಮಾನಪಟ್ಟ ಗಂಡಸಿಗೆ ಮುಟ್ಟು ಅಂತ ಯಾಕೆ? ಭಕ್ತಿಪುಸ್ತಕಗಳು ತೋಮನನ್ನು ಬೈಯುತ್ತವೆ, ನಂಬಿಕೆ ಕಮ್ಮಿ ಅನ್ನುತ್ತವೆ. ನಾನು ತೋಮನ ಕಡೆ. ಅವನು ಪವಾಡ ತೋರಿಸು ಅಂತ ಕೇಳಲಿಲ್ಲ. ಮೊಳೆ ಹೊಡೆದ ಗುರುತು ತೋರಿಸು ಅಂದ. ಆಗ ಎದ್ದವನಿಗೆ ಸಿಟ್ಟು ಬರಲಿಲ್ಲ. ಕೈ ಮುಂದಕ್ಕೆ ಚಾಚಿದ.

ಇಡೀ ಕಥೆಯಲ್ಲಿ ನಾವು ಹಿಡಿಯಬೇಕಾದ ಜಾಗ ಇದು. ಸಾವನ್ನೇ ಗೆದ್ದವನಿಗೆ ಗಾಯ ಮಾಯಿಸಿಕೊಂಡು ಬರೋದು ಕಷ್ಟವಿತ್ತೇ? ಮಾಯಿಸಿಕೊಂಡು ಬರಲಿಲ್ಲ. ಗಾಯದ ಸಮೇತ ಎದ್ದ. ಅವನು ಯಾರು ಅಂತ ಗುರುತು ಹತ್ತಿದ್ದೇ ಗಾಯದಿಂದ. ಭಕ್ತಿಪುಸ್ತಕಗಳಲ್ಲಿ ಈ ಗಾಯ ಹೂವಾಗುತ್ತದೆ, ರತ್ನವಾಗುತ್ತದೆ, ಬೆಳಕು ಚೆಲ್ಲುತ್ತದೆ. ಆಮೇಲೆ ಓದುವವರಿಗೆ ಉಪದೇಶ: ನೀವೂ ನಿಮ್ಮ ನೋವು ಮರೆಯಿರಿ, ಕ್ಷಮಿಸಿರಿ. ಕ್ಷಮೆಯ ಮಾತು ಲೂಕನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿಂದಲೇ ಬರುತ್ತದೆ, ನಿಜ. ಆದರೆ ಅದನ್ನು ಹೇಳಿದವನು ಏಟು ತಿಂದವನು. ಹೊಡೆದವನ ಪರವಾಗಿ ಇನ್ನೊಬ್ಬ ಬಂದು ಕ್ಷಮಿಸು ಅಂತ ಕೇಳೋದು ಬೇರೆ ಮಾತು. ಕ್ಷಮಿಸಿದವನ ಕೈಯಲ್ಲೂ ಗಾಯ ಉಳಿದೇ ಇತ್ತು ಅನ್ನೋದನ್ನ ಗ್ರಂಥ ಮರೆತಿಲ್ಲ.

ಈಗ ಜಾನ್ ಬನಿಯನ್‌ಗೆ ಬರೋಣ. ಬೈಬಲ್ ಬಿಟ್ಟರೆ ಪ್ರೊಟೆಸ್ಟೆಂಟರ ಮನೆಗಳಲ್ಲಿ ಹೆಚ್ಚು ಓದಿದ ಭಕ್ತಿಪುಸ್ತಕಗಳಲ್ಲಿ ಇವನದು ದೊಡ್ಡದು. 1678ರಲ್ಲಿ ಇಂಗ್ಲಿಷಿನಲ್ಲಿ ಬಂದದ್ದು. 19ನೇ ಶತಮಾನದ ನಡುಭಾಗದಲ್ಲೇ ಮಿಷನರಿಗಳ ಕೈಯಿಂದ ‘ಯಾತ್ರಿಕನ ಸಂಚಾರ’ ಅಂತ ಕನ್ನಡಕ್ಕೆ ಬಂತು. ಬನಿಯನ್ ಪಾತ್ರೆಗೆ ತೇಪೆ ಹಾಕುವವನ ಮಗ, ತಾನೂ ಅದೇ ಕಸುಬಿನವನು. ಪರವಾನಗಿ ಇಲ್ಲದೆ ಬೋಧನೆ ಮಾಡಿದ ಅಂತ 1660ರಿಂದ ಹನ್ನೆರಡು ವರ್ಷ ಬೆಡ್‌ಫರ್ಡ್ ಜೈಲಿನಲ್ಲಿ ಕೊಳೆತ. ಅದಕ್ಕೇ ಅವನ ಸಂತೆಯ ಅಧ್ಯಾಯಕ್ಕೆ ಅಷ್ಟು ಕಸುವು. ಅಲ್ಲಿ ದೊರೆಗಳು, ನ್ಯಾಯಾಧೀಶ, ಪಂಚರು ಎಲ್ಲಾ ಸೇರಿ ಒಬ್ಬ ಸತ್ಯವಂತನನ್ನು ವಿಚಾರಣೆಯ ನಾಟಕ ಆಡಿ ಸುಟ್ಟುಹಾಕುತ್ತಾರೆ. ಕೋರ್ಟಿನ ಕಟಕಟೆ ಹತ್ತಿದವನು ಮಾತ್ರ ಹಾಗೆ ಬರೆಯಬಲ್ಲ. ಬೀದಿಯ ಭಾಷೆಯಲ್ಲಿ ದೊಡ್ಡ ಪುಸ್ತಕ ಬರೆಯಬಹುದು ಅಂತ ತೋರಿಸಿಕೊಟ್ಟ ಈತ ನಮಗೆ ನೆಂಟನೇ.

ಆದರೆ ಅವನ ಯಾತ್ರಿಕನ ಬೆನ್ನ ಮೇಲೆ ಒಂದು ಹೊರೆ ಇದೆ. ಆ ಹೊರೆ ಅವನದೇ ಪಾಪ. ಶಿಲುಬೆಯ ಹತ್ತಿರ ಬಂದಾಗ ಅದು ತಾನಾಗಿ ಕಳಚಿ ಉರುಳಿ ಸಮಾಧಿಯ ಬಾಯಿಗೆ ಬೀಳುತ್ತದೆ. ಚಿತ್ರ ಚೆನ್ನಾಗಿದೆ. ನಮ್ಮ ಬೆನ್ನ ಮೇಲಿನ ಹೊರೆ ಯಾರದು? ಹುಲ್ಲಿನ ಹೊರೆ ಗೌಡನದು, ಮಲದ ಬುಟ್ಟಿ ಊರಿನದು, ಸತ್ತ ದನ ಒಡೆಯನದು. ಬೇರೆಯವರ ಹೊರೆ ಹೊತ್ತವನಿಗೆ ಇದು ನಿನ್ನ ಪಾಪದ ಹೊರೆ ಅಂತ ಹೇಳಿದರೆ ಅವನು ಹೊರಿಸಿದವರ ಕಡೆ ತಿರುಗೋದು ಯಾವಾಗ? ಬಾಬಾಸಾಹೇಬರು ಇದನ್ನು ಬಹಳ ಹಿಂದೆಯೇ ಕಂಡರು. ಮತಾಂತರ ಆದವರ ಸ್ಥಿತಿಗತಿ ಕುರಿತ ಅವರ ಬರಹ 1989ರಲ್ಲಿ ಅವರ ಸಮಗ್ರ ಬರಹಗಳ ಐದನೇ ಸಂಪುಟದಲ್ಲಿ ಅಚ್ಚಾಯಿತು. ಅವರ ವಾದದ ಸಾರ ಇದು: ಹಿಂದೂ ಆಗಿದ್ದಾಗ ಅಸ್ಪೃಶ್ಯನಿಗೆ ನಿನ್ನ ದುರ್ಗತಿಗೆ ನಿನ್ನ ಪೂರ್ವಜನ್ಮದ ಕರ್ಮ ಕಾರಣ ಅಂದರು, ಕ್ರೈಸ್ತನಾದ ಮೇಲೆ ಮೂಲಪುರುಷನ ಪಾಪ ಕಾರಣ ಅಂದರು, ಎರಡು ಕಡೆಯೂ ತಪ್ಪು ಅವನ ತಲೆಗೇ. ಭಕ್ತಿಪುಸ್ತಕಗಳ ಮೇಲೆ ಇದಕ್ಕಿಂತ ನೇರವಾದ ವಿಮರ್ಶೆ ನಾನು ಓದಿಲ್ಲ.

ಬನಿಯನ್ ಪುಸ್ತಕದ ಕೊನೆ ಇನ್ನೂ ಕಠಿಣ. ಸಾವಿನ ನದಿ ದಾಟಿ ಯಾತ್ರಿಕ ಸ್ವರ್ಗದ ಬಾಗಿಲಿಗೆ ಬಂದು ತನ್ನ ಮುದ್ರೆಯ ಪತ್ರ ಕೊಟ್ಟು ಒಳಗೆ ಹೋಗುತ್ತಾನೆ. ಹಿಂದೆ ಬಂದ ಅಜ್ಞಾನಿ ಅನ್ನುವವನನ್ನು ಸರ್ಟಿಫಿಕೇಟ್ ಎಲ್ಲಿ ಅಂತ ಕೇಳುತ್ತಾರೆ. ಅವನು ಎದೆಯೊಳಗೆ ತಡಕಾಡಿ ಸುಮ್ಮನಾಗುತ್ತಾನೆ. ಕೈಕಾಲು ಕಟ್ಟಿ ನರಕದ ಬಾಗಿಲಿಗೆ ತಳ್ಳುತ್ತಾರೆ. ತಾಲ್ಲೂಕು ಕಚೇರಿಯ ಕಿಟಕಿ ಕಂಡವರು ಇದನ್ನು ಓದಿ ಮರೆಯಲಾರರು. ಈ ಸರ್ಟಿಫಿಕೇಟಿನ ಕಥೆ ಸ್ವರ್ಗದ ಬಾಗಿಲಲ್ಲೇ ಮುಗಿಯೋದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಧರ್ಮ ಬಿಟ್ಟವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ತಿದ್ದುಪಡಿ ಆಯಿತು. ಕ್ರೈಸ್ತರಿಗೆ ಆಗಲಿಲ್ಲ. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲೆಯುವವರಿಗೆ ಸರ್ಕಾರ ಪೆಟ್ಟಿಗೆ ಅಂಗಡಿ ಕೊಟ್ಟಾಗ ಅದೇ ಕೆಲಸದ ಕ್ರೈಸ್ತನೊಬ್ಬನಿಗೆ ಸಿಗಲಿಲ್ಲ. ಮತಾಂತರದ ಮೇಲೂ ಅದೇ ತೀವ್ರತೆಯ ಅಸ್ಪೃಶ್ಯತೆ ಇದೆ ಅಂತ ರುಜುವಾತು ಬೇಕು ಅಂತ 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಾಯ ತೋರಿಸು ಅಂತ ಇಲ್ಲೂ ಕೇಳಿದರು. ತೋಮ ಕೇಳಿದ್ದು ನಂಬೋದಕ್ಕೆ.

ಇನ್ನು ಗ್ರಂಥವನ್ನೇ ಕತ್ತರಿಸೋದು. 1807ರಲ್ಲಿ ಲಂಡನ್ನಿನಲ್ಲಿ ಕೆರಿಬಿಯನ್ ದ್ವೀಪಗಳ ಕರಿಯ ಗುಲಾಮರಿಗೆ ಅಂತಲೇ ಆಯ್ದ ಭಾಗಗಳ ಒಂದು ಬೈಬಲ್ ಅಚ್ಚುಮಾಡಿದರು. ಐಗುಪ್ತದ ಗುಲಾಮಗಿರಿಯಿಂದ ಜನ ಬಿಡುಗಡೆಯಾದ ಕಥೆಯನ್ನು ಅದರಿಂದ ಕಿತ್ತುಹಾಕಿದ್ದರು. ಒಡೆಯನಿಗೆ ವಿಧೇಯನಾಗಿರು ಅನ್ನುವ ಭಾಗ ಉಳಿಯಿತು. ಕನ್ನಡ ಬೈಬಲಿನಲ್ಲಿ ಆ ಬಿಡುಗಡೆಯ ಪುಸ್ತಕದ ಹೆಸರೇ ವಿಮೋಚನಕಾಂಡ. ನಮ್ಮ ಬೈಬಲನ್ನು ಯಾರೂ ಹಾಗೆ ಕತ್ತರಿಸಿಲ್ಲ, ನಿಜ. ಆದರೆ ಧ್ಯಾನದ ಪುಸ್ತಕ ದಿನಕ್ಕೊಂದು ವಚನ ಆಯ್ದು ಕೊಡುವಾಗ ಯಾವ ವಚನ ಆಯ್ದಿದ್ದಾರೆ, ಯಾವುದನ್ನು ದಾಟಿದ್ದಾರೆ ಅಂತ ಲೆಕ್ಕ ಹಾಕಿ ನೋಡಿ. ಕತ್ತರಿ ಇಲ್ಲದೆಯೂ ಪುಸ್ತಕ ಕತ್ತರಿಸಬಹುದು.

ಮೈ ಯಾಕೆ ಮುಖ್ಯ ಅಂತ ಇನ್ನೂ ಅನುಮಾನ ಇದ್ದವರು ಸ್ಮಶಾನಕ್ಕೆ ಹೋಗಬೇಕು. ನಮ್ಮ ನವ್ಯರೂ ಸಾವಿನ ಬಗ್ಗೆ ಬಹಳ ಬರೆದರು. ಅವರ ಸಾವು ಕೋಣೆಯಲ್ಲಿ ಒಬ್ಬನೇ ಕೂತವನ ಆತಂಕ. ಕೇರಿಯವನಿಗೆ ಸಾವು ಅಂದರೆ ಮೊದಲು ಜಾಗದ ಪ್ರಶ್ನೆ. ಹೆಣ ಯಾವ ದಾರಿಯಲ್ಲಿ ಹೋಗಬೇಕು, ಯಾವ ಮಣ್ಣಿಗೆ ಇಳಿಯಬೇಕು. ತಮಿಳುನಾಡಿನ ತಿರುಚಿನಾಪಳ್ಳಿಯ ಮೇಲಪುದೂರಿನ ಕಥೋಲಿಕ ಸ್ಮಶಾನದಲ್ಲಿ ದಲಿತರ ಗೋರಿಗಳಿಗೂ ಮೇಲ್ಜಾತಿಯವರ ಗೋರಿಗಳಿಗೂ ನಡುವೆ ಗೋಡೆ ಕಟ್ಟಿದ್ದರು. ಕೊನೆಯ ದಿನ ಎಲ್ಲರೂ ಒಟ್ಟಿಗೆ ಏಳುತ್ತೇವೆ ಅಂತ ನಂಬಿದವರೇ ಕಟ್ಟಿದ ಗೋಡೆ ಅದು.

ಇನ್ನೊಂದು ಕಡೆ ಹೂಳಲು ಜಾಗವೇ ಸಿಗಲಿಲ್ಲ. ಛತ್ತೀಸಗಡದ ಬಸ್ತರ್ ಜಿಲ್ಲೆಯ ಛಿಂದವಾಡ ಅನ್ನುವ ಹಳ್ಳಿಯಲ್ಲಿ 2025ರ ಜನವರಿ 7ರಂದು ಮಹರಾ ಜಾತಿಯ ಕ್ರೈಸ್ತ ಬೋಧಕರೊಬ್ಬರು ತೀರಿಕೊಂಡರು. ಅಜ್ಜನನ್ನು ಇದೇ ಊರಲ್ಲಿ ಹೂಳಿದ್ದೇವೆ, ಅಪ್ಪನನ್ನೂ ಇಲ್ಲೇ ಹೂಳಲು ಬಿಡಿ ಅಂತ ಮಗ ಹೈಕೋರ್ಟಿಗೆ ಹೋದ, ಅಲ್ಲಿ ಆಗದೆ ಸುಪ್ರೀಂ ಕೋರ್ಟಿಗೆ ಹೋದ. ಜನವರಿ 27ರಂದು ತೀರ್ಪು ಬರುವ ತನಕ ಹೆಣ ಶವಾಗಾರದಲ್ಲೇ ಇತ್ತು. ಸ್ವಂತ ಜಮೀನಿನಲ್ಲಿ ಹೂಳಲಿ ಅಂತ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಹೇಳಿದರು. ಕ್ರೈಸ್ತರಿಗೆ ಗೊತ್ತುಮಾಡಿದ ಜಾಗದಲ್ಲೇ ಆಗಲಿ ಅಂತ ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಹೇಳಿದರು. ಹೆಣ ಇನ್ನೂ ಕಾಯಬಾರದು ಅಂತ ಇಬ್ಬರೂ ಸೇರಿ ಇಪ್ಪತ್ತು ಕಿಲೋಮೀಟರಿಗೂ ಆಚೆಯ ಕರಕಾಪಾಲ್ ಅನ್ನುವ ಊರಿನ ಸ್ಮಶಾನಕ್ಕೆ ಕಳಿಸಿದರು. ಆ ಮಗನಿಗೆ ಧ್ಯಾನದ ಪುಸ್ತಕ ಏನು ಹೇಳುತ್ತದೆ? ನಿನ್ನಪ್ಪನ ಆತ್ಮ ದೇವರ ಹತ್ತಿರ ಇದೆ, ಮಣ್ಣು ಎಲ್ಲಿದ್ದರೇನು ಅನ್ನುತ್ತದೆ. ಸುವಾರ್ತೆ ಹಾಗೆ ಅನ್ನೋದಿಲ್ಲ. ಅಧಿಕಾರಿಯ ಬಾಗಿಲಲ್ಲಿ ಹೆಣ ಬೇಡುತ್ತಾ ನಿಂತವನ ಕಥೆಯನ್ನು ಅದು ನಾಲ್ಕು ಸಲ ಹೇಳುತ್ತದೆ.

ದಾರಿ ಇಲ್ಲದೆ ಇಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಬಗ್ಗೆ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರ ಅನ್ನುವ ಚಿಂತನೆ ಬೆಳೆಯಿತು. ಯೇಸುವನ್ನು ದಲಿತನಾಗಿ ಕಾಣುವ ಮಾತು ನಮ್ಮ ನೆಲದಲ್ಲೇ ಹುಟ್ಟಿದೆ. ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕಾಲೇಜುಗಳ ಒಳಗೆ ಉಳಿಯಿತು. ಕೇರಿಯ ಗೂಡಿನಲ್ಲಿರುವ ಸಣ್ಣ ಪುಸ್ತಕದ ಭಾಷೆ ಇನ್ನೂ ಬದಲಾಗಬೇಕಾಗಿದೆ. ಆ ಪುಸ್ತಕವನ್ನು ಕೇರಿಯವರೇ ಬರೆಯಬೇಕು. ಅದರಲ್ಲಿ ಕೆಂಡದ ಮೇಲಿನ ಮೀನು ಇರಬೇಕು, ಸಮಾಧಿಗೆ ಹೋದ ಹೆಂಗಸರ ಹೆಸರಿರಬೇಕು, ಗಾಯ ಗಾಯವಾಗಿಯೇ ಇರಬೇಕು. ಸಾವಿನ ಮನೆಗೆ ಪ್ರಾರ್ಥನೆ ಹೇಳಲು ಹೋದವನು ಹೂಳುವ ಜಾಗದ ಪಹಣಿಯನ್ನೂ ವಿಚಾರಿಸಬೇಕು.

ಹಳ್ಳಿ ಶಾಲೆಯ ಮೇಷ್ಟ್ರುಗಳು, ಕಾಲೇಜಿನ ಗೆಳೆಯರು ಇದನ್ನು ಅವರ ಧರ್ಮದ ವಿಷಯ, ನಮಗ್ಯಾಕೆ ಅಂತ ಬಿಡಬಾರದು. ನಂಬುವವರ ಜೊತೆ ಕೂತು ಆ ಪುಸ್ತಕಗಳನ್ನು ಗಟ್ಟಿಯಾಗಿ ಓದಬೇಕು, ಜಗಳ ಆಡಬೇಕು. ನಂಬಿಕೆಯನ್ನು ಕಿತ್ತುಕೊಳ್ಳೋದು ಇಲ್ಲಿ ಉದ್ದೇಶವಲ್ಲ. ಮೈ ಎಲ್ಲಿ ಹೋಯಿತು ಅಂತ ಕೇಳಬೇಕು, ಉತ್ತರ ಬರುವ ತನಕ ಕೇಳುತ್ತಲೇ ಇರಬೇಕು.